ಬಲ ಹೆಗಲಿನ ಸೆರಗು

"ಅಜ್ಜಿಯ ಸೆರಗು ಉಲ್ಟಾ ಆಗಿದೆ ಮೇಡಂ, ಸರಿ ಮಾಡಿ ಕಳಿಸಿ" ಎಂಬ ಗೇಮ್ ಕಂಪನಿಯವರ ಮೆಸೇಜು ಓದಿ ಗಂಗಾಂಬಿಕಾಗೆ ಮೈಯೆಲ್ಲ ಉರಿದುಹೋಯಿತು. ಮಕ್ಕಳ ಗೇಮಿಗೆ ಹಳ್ಳಿಯ ಅಜ್ಜಿಯೊಬ್ಬಳ ಚಿತ್ರ ಬರೆದುಕೊಡಿ ಅಂದವರು ಇವರೇ. ಮೂಗು ಚಿಕ್ಕದಾಗಲಿ ಅಂದರು, ಮಾಡಿದಳು. ಸುಕ್ಕು ಬೇಡ ಅಂದರು, ಹಲ್ಲು ಕಚ್ಚಿಕೊಂಡು ಅಳಿಸಿದಳು. ಈಗ ಸೆರಗಿಗೂ ಬಂದರು.

ಪಾವಗಡದ ಅವಳ ಮನೆಯ ಹೆಂಗಸರು ಹಿಂದಿನಿಂದಲೂ ಸೆರಗು ಹಾಕುತ್ತಿದ್ದುದೇ ಬಲ ಹೆಗಲಿಗೆ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ಅವಳ ಅಜ್ಜಿ ಪೆದ್ದಮ್ಮ ಬೆಳಿಗ್ಗೆಯಷ್ಟೇ ಟ್ಯಾಬ್ ನೋಡಿ, "ಅಯ್ಯೋ, ನನ್ನೇ ಬರ್ದ್‌ಬುಟ್ಟಿದ್ದೀಯಲ್ಲೇ!" ಎಂದು ಅದೇ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು.

ಇದನ್ನೆಲ್ಲ ಅವರಿಗೆ ಬಿಡಿಸಿ ಹೇಳುವ ತಾಳ್ಮೆ ಗಂಗಾಂಬಿಕಾಗೆ ಉಳಿದಿರಲಿಲ್ಲ. "ಹಾಳಾಗ್ ಹೋಗ್ಲಿ" ಎಂದು ಗೊಣಗಿ, ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸುವ ಬಟನ್ ಒತ್ತಿದಳು. ಸೆರಗು ಎಡಕ್ಕೆ ಹೋಯಿತು.

ಪೆದ್ದಮ್ಮ ಬಗ್ಗಿ ನೋಡಿದಳು. "ಚೆನ್ನಾಗವ್ಳೆ. ಯಾರೇ ಇವ್ಳು?"

ಕಳಿಸಲು ಹೋದ ಬೆರಳು ಅಲ್ಲೇ ನಿಂತಿತು. ಗಂಗಾಂಬಿಕಾ ಚಿತ್ರವನ್ನು ಮೊದಲಿನಂತೆ ತಿರುಗಿಸಿದಳು. ಆಮೇಲೆ ಪೆದ್ದಮ್ಮನ ಮುಖವನ್ನೇ ನೋಡುತ್ತ, ಅಳಿಸಿದ್ದ ಸುಕ್ಕುಗಳನ್ನು ಒಂದೊಂದಾಗಿ ಮತ್ತೆ ಬರೆಯತೊಡಗಿದಳು.