ಓಣಿ ತುಂಬ ಆರತಿ

ನೀಲವ್ವ ಅರಿಶಿನದ ನೀರಿಗೆ ಸುಣ್ಣ ಕಲಸುತ್ತಿದ್ದಳು. ನೀರು ಕೆಂಪಾಗುವ ಹೊತ್ತಿಗೆ ಪುರಸಭೆ ಅಧ್ಯಕ್ಷರ ಕಡೆಯವನ ಫೋನ್ ಬಂತು.

"ಮಹಿಳಾ ಸಂಘದ ನೀಲವ್ವಾರಾ? ಇವತ್ತ ನಾಮಪತ್ರಕ್ಕ ಕಡೀ ದಿನ. ಸಾಹೇಬ್ರು ಗುಡಿಯಿಂದ ನಿಮ್ಮ ಓಣಿ ಹಾದು ಕಚೇರಿಗೆ ಹೊಂಟಾರ. ಆರತಿ ತಯಾರೈತಿ?"

"ಐತ್ರಿ. ಎಷ್ಟು ಮಂದಿ ನಿಲ್ಲಬೇಕ್ರಿ?"

"ಓಣಿ ತುಂಬ ನಿಲ್ಲಸ್ರಿ. ಹನ್ನೆರಡಕ್ಕ ರಾಹುಕಾಲ ಹತ್ತತೈತಿ. ಸಾಹೇಬ್ರು ಶಕುನ ಭಾಳ ನೋಡ್ತಾರ."

"ಗೊತ್ತೈತ್ರಿ."

ಹೋದ ಚುನಾವಣೆಯಲ್ಲಿ ಎದುರಾಳಿ ವಿಧವೆಯರ ಸಹಾಯಧನದ ಮಾತೆತ್ತಿದಾಗ ಈ ಸಾಹೇಬರು ಮೈಕ್ ಹಿಡಿದು ಕೇಳಿದ್ದರು: "ತೆರಿಗಿ ಕಟ್ಟೋರು ನೀವು. ಗಂಡ ಸತ್ತೋರಿಗೆಲ್ಲಾ ಊರೇ ಗಂಡ ಆಗಬೇಕೇನು?" ಜನ ಸಿಳ್ಳೆ ಹೊಡೆದಿದ್ದರು. ಗೆದ್ದ ಸಾಹೇಬರು ತೆರಿಗೆ ಇಳಿಸಿದರು, ಸಹಾಯಧನ ನಿಲ್ಲಿಸಿದರು.

ಪಕ್ಕದ ಮನೆಯ ಬಂಡವ್ವ ತಟ್ಟೆಯೊಳಗೆ ಇಣುಕಿದಳು.

"ಅಂಥವಗ ಆರತಿ ಯಾಕವಾ? ನೀರಾಗ ಏನರೆ ಕಲಸೀಯೇನು?"

"ಅರಿಶಿಣ, ಸುಣ್ಣ. ಅಷ್ಟ."

"ಮತ್ತ ನಿನ್ನ ಸಿಟ್ಟು?"

"ನೀ ಸಂಘದಾಗಿನ ನಮ್ಮಂಥೋರನ್ನೆಲ್ಲಾ ಕರಕೊಂಡು ಬಾ ಚಿಗವ್ವ. ತಟ್ಟಿ ನನ್ನಲ್ಲಿ ಅದಾವ."

ಡೊಳ್ಳು ಓಣಿಯ ಬಾಯಿಗೆ ಬಂದಾಗ ಹೆಂಗಸರು ಮನೆಮನೆಯಿಂದ ಹೊರಬಂದು, ಆರತಿ ಹಿಡಿದು, ದಾರಿಗೆ ಅಡ್ಡಲಾಗಿ ನಿಂತರು. ನಗುತ್ತ ಬಂದ ಸಾಹೇಬರ ಕಾಲುಗಳು ನಿಂತುಬಿಟ್ಟವು. ಡೊಳ್ಳೂ ನಿಂತಿತು. ಎದುರಿಗಿದ್ದ ಒಂದು ಹಣೆಯಲ್ಲೂ ಕುಂಕುಮವಿರಲಿಲ್ಲ, ಆರತಿ ಹಿಡಿದ ಒಂದು ಕೈಯಲ್ಲೂ ಬಳೆಯಿರಲಿಲ್ಲ.

ಸಾಹೇಬರು ಗಡಿಯಾರ ನೋಡಿಕೊಂಡರು. ಹಿಂದೆ ತಿರುಗಿದರೆ ಅದೂ ಅಪಶಕುನ. ಕೊನೆಗೆ ಕೈಮುಗಿದರು.

"ಒಂಚೂರು ದಾರಿ ಬಿಡ್ರಿ, ಅವ್ವಾ."