ನಡುಗಿದ ಬಾಲ

ರಿಮೋಟ್ ವಿಮಾನದ ಬಾಲ ಮತ್ತೆ ನಡುಗಿತು. ಒಂದರ ಮೇಲೊಂದು ಕೂತ ಎರಡು ರೆಕ್ಕೆಗಳಿಗೆ ತಂತಿ ಬಿಗಿಯುತ್ತಿದ್ದ ತಮ್ಮನು ಕೈಕೆಲಸ ನಿಲ್ಲಿಸಿದ. ಬಾಲದ ಪಟ್ಟಿಯನ್ನು ತಿರುಗಿಸುವ ಪುಟ್ಟ ಮೋಟಾರಿನ ವೈರನ್ನು ಆಗಲೇ ಒಮ್ಮೆ ಬಿಚ್ಚಿ ಮತ್ತೆ ಜೋಡಿಸಿದ್ದಾಗಿತ್ತು.

"ನಿನ್ನ ವಿಮಾನಕ್ಕೆ ಚಳಿಜ್ವರ ಕಣೋ," ಎಂದಳು ಕುರ್ಚಿಯಲ್ಲಿದ್ದ ಅಕ್ಕ. ಅದಕ್ಕೆ ಬಟ್ಟೆ ಹೊದಿಸಿದವಳು ಅವಳೇ. ಆಮೇಲೆ ಲಕ್ವ ಹೊಡೆದು ಎಡಗೈ ಸತ್ತಂತಾಗಿ, ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿಬಿಟ್ಟಿದ್ದಳು.

"ಸುಮ್ನಿರಕ್ಕ, ನಾನೇ ಎಲ್ಲೋ ತಪ್ಪು ಮಾಡಿದೀನಿ." ರಿಮೋಟ್ ಆರಿಸಿ ನೋಡೋಣವೆಂದು ಅವನು ತಿರುಗಿದ. ಮೇಜಿನ ಮೇಲೆ ಜಾಗವಿಲ್ಲದೆ ಅದನ್ನು ಅವಳ ಮಡಿಲಲ್ಲಿಟ್ಟು, ಜಾರದಿರಲೆಂದು ಅವಳ ಎಡಗೈಯನ್ನೇ ಅದರ ಮೇಲಿರಿಸಿದ್ದ. ಆ ಕೈಯ ಹೆಬ್ಬೆರಳು ರಿಮೋಟಿನ ಕಡ್ಡಿಗೆ ತಗುಲಿತ್ತು. ಬೆರಳು ಅಲುಗಿತು, ಕಡ್ಡಿ ಅಲುಗಿತು, ಬಾಲವೂ ಅಲುಗಿತು. ಅಕ್ಕ ಮಾತ್ರ ಬಾಲವನ್ನೇ ನೋಡುತ್ತಿದ್ದಳು.

ಅವನು ಬಾಲದ ಮುಂದೆ ಮಂಡಿಯೂರಿದ. "ಅಕ್ಕ, ಎಡಕ್ಕೆ ತಿರುಗಿಸು, ನೋಡೋಣ."

"ನಾನಾ?" ಅವಳು ತನ್ನ ಮಡಿಲು ನೋಡಿಕೊಂಡಳು. ನಡುಕ ನಿಂತಿತು. ಆಮೇಲೆ, ಅವಳೇ ಬಟ್ಟೆ ಹೊದಿಸಿದ್ದ ಆ ಪಟ್ಟಿ ತುಂಬಾ ನಿಧಾನವಾಗಿ ಎಡಕ್ಕೆ ತಿರುಗಿ, ಅಲ್ಲೇ ನಿಂತಿತು.