ವಾರ್ಡ್‌ರೋಬಿನಲ್ಲಿ ಹಾಡಿದ ಆಲ್ಬಂ

ಅದು ಅವರ ರಾಕ್ ಬ್ಯಾಂಡಿನ ಚೊಚ್ಚಲ ಆಲ್ಬಂ. ಹಾಡುಗಳೆಲ್ಲ ಒಂಟಿತನದವೇ. ಸ್ಟುಡಿಯೋ ಎಲ್ಲಿಂದ ಬರಬೇಕು? ಗಾಯಕ ಮನೆಯಲ್ಲೇ, ವಾರ್ಡ್‌ರೋಬಿನಲ್ಲಿ ತೂಗುವ ಹೆಂಡತಿಯ ಸೀರೆಗಳ ನಡುವೆ ತಲೆ ತೂರಿಸಿ ಹಾಡಿದ್ದ. ಬಟ್ಟೆ ಪ್ರತಿಧ್ವನಿಯನ್ನು ನುಂಗಿಬಿಡುತ್ತದೆ.

“ನಾನು ಇಲ್ಲೇ ಇದ್ದೀನಲ್ಲ, ನಿಂಗ್ಯಾವ ಒಂಟಿತನ?” ಎಂದು ಅವಳು ಆಗ ಕೇಳಿದ್ದಳು. ಅವನು ಹೆಡ್‌ಫೋನ್ ತೆಗೆದಿರಲಿಲ್ಲ.

ತಿಂಗಳು ಕಳೆದ ಮೇಲೆ, ಸಾಲೊಂದು ಸರಿಬರಲಿಲ್ಲವೆಂದು ಕೊನೆಯ ಹಾಡನ್ನು ಮತ್ತೆ ಹಾಡಿ ಕಳಿಸಿದ. ಮಿಕ್ಸಿಂಗ್ ಮಾಡುತ್ತಿದ್ದ ಡ್ರಮ್ಮರ್ ಫೋನ್ ಮಾಡಿದ.

“ದನಿ ಗವಿಯೊಳಗಿಂದ ಬಂದಂಗಿದೆ ಕಣೋ. ಜಾಗ ಬದಲಾಯಿಸಿದ್ಯಾ?”

“ಇಲ್ಲ. ಅದೇ ವಾರ್ಡ್‌ರೋಬು.”

“ಮತ್ತೆ ಯಾಕೋ ಇಷ್ಟು ಎಕೋ?”

ಗಾಯಕ ಖಾಲಿ ಹ್ಯಾಂಗರುಗಳತ್ತ ನೋಡಿದ.

“ಸೀರೆಗಳಿಲ್ಲ,” ಎಂದ.